ಇಪ್ಪತ್ತಕ್ಕೆ ಹತ್ತೊಂಬತ್ತು

ಆ ಮೊಬೈಲ್ ಅಂಗಡಿಗೆ ಬರುವವರೆಲ್ಲ ಅವರನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವರು ಅತ್ತಿಗೆಯಾಗಬೇಕಾದದ್ದು ಅಂಗಡಿಯ ಮಾಲೀಕನಿಗೆ ಮಾತ್ರ. ಅವನ ಅಣ್ಣನ ಹೆಂಡತಿ ಅವರು. ಆದರೆ ಮೈದುನ ದಿನಕ್ಕೆ ನೂರು ಸಲ “ಅತ್ತಿಗೆ, ಇದನ್ನ ನೋಡಿ”, “ಅತ್ತಿಗೆ, ಅದನ್ನ ನೋಡಿ” ಎಂದು ಕೂಗುತ್ತಿದ್ದರೆ ಗಿರಾಕಿಗಳಾದರೂ ಇನ್ನೇನು ಕರೆದಾರು? ಎಪ್ಪತ್ತು ದಾಟಿದ ಒಬ್ಬ ಬೊಚ್ಚುಬಾಯಿ ತಾತ ಕೂಡ “ಅತ್ತಿಗೆ, ನನ್ನ ಫೋನು ಮತ್ತೆ ಮುನಿಸ್ಕೊಂಡಿದೆ” ಎಂದು ಬರುತ್ತಿದ್ದರು. “ನಿಮಗೆ ಅತ್ತಿಗೆ ಆಗ್ಬೇಕಾದ್ರೆ ನನಗೆ ನೂರು ವರ್ಷ ಆಗಿರ್ಬೇಕು ತಾತ” ಎಂದು ಅತ್ತಿಗೆ ನಗುತ್ತಲೇ ಫೋನಿಗೆ ಕೈ ಚಾಚುತ್ತಿದ್ದರು. ಅವರಿಗೆ ಆಗಿದ್ದದ್ದು ಐವತ್ತೊಂದು.

ಅಂಗಡಿ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಗಾಜಿನ ಕಪಾಟು, ಅದರ ಹಿಂದೆ ಮೈದುನ. ಕೊನೆಯಲ್ಲಿ ಗೋಡೆಗೆ ಒತ್ತಿದ ಒಂದು ಮೇಜು, ಅದು ಅತ್ತಿಗೆಯದು. ಮೇಜಿನ ಮೇಲೆ ಬಗ್ಗುವ ಕತ್ತಿನ ದೀಪ, ಭೂತಗನ್ನಡಿ, ಸಿಮ್ ತೆಗೆಯುವ ಪಿನ್ನು, ನಾಲ್ಕು ಕಂಪನಿಗಳ ನಾಲ್ಕು ಸಿಮ್ ಅಂಟಿಸಿಟ್ಟ ಒಂದು ರಟ್ಟು, ಮತ್ತು ಬಟ್ಟೆಯ ಬೆನ್ನಿರುವ ಒಂದು ದಪ್ಪ ನೋಟ್‌ಬುಕ್ಕು.

ಅತ್ತಿಗೆಯ ಕೆಲಸ ಒಂದೇ. ಹೊರದೇಶದಿಂದ ಬಂದ ಫೋನು ಇಲ್ಲಿಯ ಕಂಪನಿಯ ನೆಟ್‌ವರ್ಕಿನಲ್ಲಿ ನಡೆಯುತ್ತದೋ ಇಲ್ಲವೋ ನೋಡಿ ಹೇಳುವುದು. ಕೇಳಿದರೆ ಇದೂ ಒಂದು ಕೆಲಸವೇ ಅನ್ನಿಸಬಹುದು. ಆದರೆ ಆ ಬೀದಿಯಲ್ಲಿ ಮನೆಗೊಬ್ಬರಂತೆ ಹೊರದೇಶದಲ್ಲಿ ದುಡಿಯುವವರಿದ್ದರು. ಅಣ್ಣ ತಮ್ಮಂದಿರು, ಚಿಕ್ಕಪ್ಪಂದಿರು ಬರುವಾಗಲೆಲ್ಲ ಒಂದು ಫೋನು ತರುತ್ತಿದ್ದರು. ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ಒಳಗೆ ಮಾತ್ರ ವ್ಯತ್ಯಾಸ. ಟವರಿನಿಂದ ಬರುವ ಅಲೆಗಳಲ್ಲಿ ಬೇರೆ ಬೇರೆ ಬ್ಯಾಂಡುಗಳಿರುತ್ತವೆ. ಕೆಲವು ಹತ್ತಿರದಲ್ಲಿ ಜೋರು, ಗೋಡೆ ಅಡ್ಡ ಬಂದರೆ ಸುಸ್ತು. ಕೆಲವು ದೂರ ಹೋಗುತ್ತವೆ, ಗೋಡೆಯನ್ನೂ ದಾಟುತ್ತವೆ. ಬೇರೆ ದೇಶಕ್ಕೆಂದು ಮಾಡಿದ ಫೋನಿನಲ್ಲಿ ಇಲ್ಲಿಗೆ ಬೇಕಾದ ಒಂದು ಬ್ಯಾಂಡ್ ಇಲ್ಲದೆಯೂ ಇರಬಹುದು. ಆ ಗುಟ್ಟು ಮಾಡೆಲ್ ನಂಬರಿನ ಕೊನೆಯ ಒಂದಕ್ಷರದಲ್ಲಿರುತ್ತದೆ. ಅತ್ತಿಗೆ ಭೂತಗನ್ನಡಿ ಹಿಡಿಯುತ್ತಿದ್ದದ್ದು ಆ ಅಕ್ಷರಕ್ಕಾಗಿ.

ಈ ಮೇಜಿಗೆ ಬರುವ ಮೊದಲು ಅವರು ಇಪ್ಪತ್ತೆರಡು ವರ್ಷ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಕೂತಿದ್ದರು. ಯಾವ ವಾರ್ಡಿಗೆ ಯಾವ ನಂಬರು ಎನ್ನುವುದು ಅವರಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತಿತ್ತು. ಲೈನು ಕೂಡಿಸಿದ ಮೇಲೆ ಎರಡೂ ಕಡೆಯ ‘ಹಲೋ’ ಕಿವಿಗೆ ಬೀಳುವ ತನಕ ಕೈ ತೆಗೆಯುತ್ತಿರಲಿಲ್ಲ. ಆಮೇಲೆ ಬೋರ್ಡು ಹೋಗಿ ಮಷೀನು ಬಂತು. ಮಷೀನಿಗೆ ಅತ್ತಿಗೆ ಬೇಕಾಗಿರಲಿಲ್ಲ. “ಮನೇಲಿ ಕೂತು ಏನ್ಮಾಡ್ತೀರಿ, ನನ್ನ ಅಂಗಡಿಗೆ ಬನ್ನಿ” ಎಂದು ಮೈದುನ ಕರೆದ. ಬಂದವರು ಆರು ತಿಂಗಳಲ್ಲಿ ಆ ನೋಟ್‌ಬುಕ್ಕು ತುಂಬಿಸತೊಡಗಿದರು. ಯಾವ ಮಾಡೆಲ್, ಕೊನೆಯ ಅಕ್ಷರ ಯಾವುದು, ಯಾವ ಸಿಮ್, ಗಿರಾಕಿಯ ಮನೆ ಯಾವ ಬೀದಿ, ಅಲ್ಲಿ ಫೋನು ಮಾತಾಡಿತೋ ಇಲ್ಲವೋ. ಎಲ್ಲ ಮುತ್ತು ಪೋಣಿಸಿದ ಹಾಗೆ ದುಂಡಗಿನ ಅಕ್ಷರದಲ್ಲಿ. ಪರೀಕ್ಷೆ ಮುಗಿದ ಮೇಲೆ ಗಿರಾಕಿಗೊಂದು ಚೀಟಿ ಕೊಡುತ್ತಿದ್ದರು. ‘ನಡೆಯುತ್ತದೆ’ ಅಥವಾ ‘ನಡೆಯುವುದಿಲ್ಲ’. ಮಧ್ಯದ ಮಾತು ಚೀಟಿಯಲ್ಲಿ ಇರುತ್ತಿರಲಿಲ್ಲ. ಅದರ ಕೆಳಗೆ ಮೈದುನ ಅಂಗಡಿಯ ಮುದ್ರೆ ಒತ್ತುತ್ತಿದ್ದ.

ಒಂದು ಶುಕ್ರವಾರ ಬೆಳಿಗ್ಗೆ ಖಾಕಿ ಅಂಗಿಯ ಹೆಂಗಸೊಬ್ಬಳು ಬಂದಳು. ವಯಸ್ಸು ಮೂವತ್ತರ ಮೇಲೆ, ಎಣ್ಣೆ ಹಾಕಿ ಬಿಗಿದು ಕಟ್ಟಿದ ಜಡೆ, ಎಡಗೈಗಿಂತ ಬಲಗೈ ಹೆಚ್ಚು ಕಪ್ಪು. ಬಸ್ ಡಿಪೋದಲ್ಲಿ ಬದಲಿ ಡ್ರೈವರ್. ಕೈಯಲ್ಲಿ ಇನ್ನೂ ಪ್ಲಾಸ್ಟಿಕ್ ಹಾಳೆ ಬಿಚ್ಚದ ಫೋನಿನ ಪೆಟ್ಟಿಗೆ ಇತ್ತು.

“ಅಣ್ಣ ಕಳಿಸಿದ್ದು. ನಮ್ಮ ಸಿಮ್‌ಗೆ ಆಗುತ್ತಾ ನೋಡಿ ಹೇಳ್ಬೇಕಂತೆ” ಎಂದಳು.

ಮೈದುನ ಪೆಟ್ಟಿಗೆ ಬಿಚ್ಚಿದ. ಫೋನಿನಲ್ಲಿ ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದ. ಬಂದ ಹದಿನೈದು ಅಂಕಿಗಳನ್ನು ಕಂಪನಿಯ ವೆಬ್‌ಸೈಟಿನಲ್ಲಿ ತುಂಬಿಸಿದ. ಹಸಿರು ಗುರುತು ಬಂತು. ‘ನಿಮ್ಮ ಫೋನ್ ನಮ್ಮ ನೆಟ್‌ವರ್ಕಿಗೆ ಹೊಂದುತ್ತದೆ.’

“ಮುಗೀತು. ಆರಾಮಾಗಿ ಹೋಗಿ ಡ್ರೈವರಮ್ಮ” ಎಂದ.

“ಮುಗಿದಿಲ್ಲ” ಎಂದರು ಅತ್ತಿಗೆ, ಹಿಂದಿನ ಮೇಜಿನಿಂದ. “ಇಲ್ಲಿ ಬನ್ನಿ. ಮನೆ ಎಲ್ಲಿ?”

“ರೈಲ್ವೆ ದಿಬ್ಬದ ಕೆಳಗೆ, ಸಾಲು ಮನೆಗಳಿದಾವಲ್ಲ, ಅಲ್ಲಿ.”

ಅತ್ತಿಗೆ ಭೂತಗನ್ನಡಿ ಹಿಡಿದು ಕೊನೆಯ ಅಕ್ಷರ ನೋಡಿದರು. ನೋಟ್‌ಬುಕ್ಕು ತೆರೆದರು. ದಿಬ್ಬದ ಕೆಳಗಿನ ಮನೆಗಳು ತಗ್ಗಿನಲ್ಲಿದ್ದವು. ದೂರ ಹೋಗುವ ಆ ಒಂದು ಬ್ಯಾಂಡ್ ಬಿಟ್ಟರೆ ಬೇರೆ ಯಾವುದೂ ಅಲ್ಲಿಗೆ ಇಳಿಯುತ್ತಿರಲಿಲ್ಲ. ಈ ಅಕ್ಷರದ ಫೋನುಗಳಲ್ಲಿ ಆ ಬ್ಯಾಂಡ್ ಇಲ್ಲ. ಹಿಂದೆ ಅದೇ ಸಾಲಿನ ಆರು ಮನೆಯವರು ಇಂಥ ಫೋನು ತಂದಿದ್ದರು. ಆರಕ್ಕೆ ಆರೂ ‘ನಡೆಯುವುದಿಲ್ಲ’.

“ಈ ಫೋನಿಂದ ನಿಮಗೆ ಮುಖ್ಯವಾಗಿ ಏನಾಗ್ಬೇಕು?” ಎಂದು ಕೇಳಿದರು.

ಡ್ರೈವರಮ್ಮ ಸ್ಟೂಲಿನ ತುದಿಗೆ ಕೂತಳು. “ಒಂದೇ ಒಂದು ಕಾಲ್ ಬರ್ಬೇಕು ಅತ್ತಿಗೆ. ಬೆಳಿಗ್ಗೆ ಐದರ ಸುಮಾರಿಗೆ ಡಿಪೋದಿಂದ ಮಾಡ್ತಾರೆ. ಯಾರಾದ್ರೂ ಡ್ಯೂಟಿಗೆ ಬರದೆ ಇದ್ರೆ ಬದಲಿ ಪಟ್ಟೀಲಿರೋರನ್ನ ಕರೀತಾರೆ. ತೆಗೀಲಿಲ್ಲ ಅಂದ್ರೆ ಮುಂದಿನೋರಿಗೆ ಹೋಗುತ್ತೆ. ಮೂರು ಸಲ ತಪ್ಪಿದ್ರೆ ಹೆಸರು ಪಟ್ಟಿ ತಳಕ್ಕೆ. ನನ್ನ ಹಳೇ ಫೋನು ತಾನಾಗೇ ಆಫ್ ಆಗಿ ಎರಡು ಸಲ ತಪ್ಪಿದೆ.”

“ಇನ್ನೊಂದು ತಪ್ಪಿದ್ರೆ?”

“ಮುಂದಿನ ತಿಂಗಳು ಪಟ್ಟಿಯ ಮೇಲಿನ ಇಬ್ಬರನ್ನ ಕಾಯಂ ಮಾಡ್ತಾರೆ. ನಾನು ಎರಡನೆಯವಳು. ಆರು ವರ್ಷದಿಂದ ಏಣಿ ಹತ್ತಿದೀನಿ. ಸೋಮವಾರದಿಂದ ಕಾಲ್ ಬರೋ ಸರದಿ ನಂದು.”

“ಬರೀ ಕಾಲ್ ಆದ್ರೆ ಒಂದು ಗುಂಡಿ ಫೋನ್ ಸಾಕಿತ್ತಲ್ಲ” ಎಂದ ಮೈದುನ.

“ಡ್ಯೂಟಿ ಚೀಟಿನೂ ಫೋನಿಗೇ ಬರುತ್ತೆ ಸಾರ್. ಗೇಟಲ್ಲಿ ಅದನ್ನ ತೋರಿಸ್ದಿದ್ರೆ ಬಸ್ ಕೀಲಿ ಕೊಡಲ್ಲ.”

ಅತ್ತಿಗೆ ಚಪ್ಪಲಿ ಮೆಟ್ಟಿದರು. “ಈ ಅಂಗಡಿ ಎದುರಿಗೇ ಟವರಿದೆ. ಇಲ್ಲಿ ತಗಡಿನ ಡಬ್ಬಿನೂ ರಿಂಗಾಗುತ್ತೆ. ನಿಮ್ಮ ಮನೇಲೇ ನೋಡೋಣ, ನಡೀರಿ.”

“ಹೊರಟ್ರಪ್ಪ ನಮ್ಮ ಇನ್ಸ್‌ಪೆಕ್ಟರು” ಎಂದ ಮೈದುನ. “ಅತ್ತಿಗೆ, ಒಂದು ಫೋನಿಗೆ ಒಂದು ದಿನ ಆದ್ರೆ ನಾನು ಅಂಗಡೀಲಿ ನೊಣ ಹೊಡೀಬೇಕಾಗುತ್ತೆ.”

“ಹೊಡಿ. ಗಾಜು ಸ್ವಚ್ಛವಾಗಿರುತ್ತೆ.”

ದಿಬ್ಬದ ಕೆಳಗಿನ ಆ ಮನೆಯಲ್ಲಿ ಕೆಳಗೆ ಮನೆಯೊಡತಿ ಅಜ್ಜಿ, ಮೇಲೆ ಒಂದು ಕೋಣೆಯಲ್ಲಿ ಡ್ರೈವರಮ್ಮ. ಅತ್ತಿಗೆ ಫೋನಿಗೆ ಸಿಮ್ ಹಾಕಿ ಮಂಚದ ಪಕ್ಕ ಇಟ್ಟರು. ತಮ್ಮ ಫೋನು ಹಿಡಿದು ಕೆಳಗೆ ಬೀದಿಗೆ ಬಂದು ಕರೆ ಮಾಡಿದರು. ಆಗುವುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ನೋಡದೆ ಹೇಳುವುದು ಸರಿಯಲ್ಲ ಅಂತ ಮಾಡಿದ್ದು ಅಷ್ಟೆ.

ರಿಂಗಾಯಿತು. “ಹಲೋ ಅತ್ತಿಗೆ, ಪಕ್ಕದಲ್ಲೇ ನಿಂತ ಹಾಗಿದೆ” ಎಂದಳು ಡ್ರೈವರಮ್ಮ.

ಅತ್ತಿಗೆಗೆ ನಂಬಿಕೆ ಬರಲಿಲ್ಲ. ಹತ್ತು ಸಲ ಮಾಡಿದರು. ಹತ್ತು ಸಲವೂ ಗಂಟೆ ಬಾರಿಸಿದ ಹಾಗೆ ಸ್ಪಷ್ಟ. ಇಪ್ಪತ್ತೆರಡು ವರ್ಷ ಅವರು ನಂಬಿ ಬಾಳಿದ್ದು ತಮ್ಮ ಕಿವಿಯನ್ನು. ಕಿವಿ ಕೇಳಿಸಿತು ಎನ್ನುವಾಗ ಪುಸ್ತಕ ಏನು ಹೇಳೀತು? ಟವರಿಗೆ ಹೊಸದೇನೋ ಜೋಡಿಸಿರಬೇಕು ಎಂದುಕೊಂಡರು. ಅಂಗಡಿಗೆ ಬಂದು ‘ನಡೆಯುತ್ತದೆ’ ಎಂದು ಚೀಟಿ ಬರೆದರು. ಮೈದುನ ಟಪ್ಪೆಂದು ಮುದ್ರೆ ಒತ್ತಿದ. ಡ್ರೈವರಮ್ಮ ಹೊಸ ಫೋನನ್ನು ಎದೆಗೊತ್ತಿಕೊಂಡು ಹೋದಳು.

ಸಂಜೆ ಅಂಗಡಿ ಮುಚ್ಚುವ ಮೊದಲು ಅತ್ತಿಗೆ ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಬರೆದರು. ಬರೆದು ಮುಗಿಸಿ ಮೇಲಿನ ಆರು ಸಾಲು ಓದಿದರು. ಅದೇ ಅಕ್ಷರ, ಅದೇ ಸಿಮ್, ಅದೇ ಬೀದಿ. ಏಳನೆಯ ಸಾಲು ಸೇರದ ಗುಂಪಿನಲ್ಲಿ ನಿಂತ ಹಾಗಿತ್ತು. ಆರು ಜನರಿಗೆ ಇಲ್ಲದ್ದು ಇವಳೊಬ್ಬಳಿಗೆ ಹೇಗೆ ಬಂತು? ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು. ಆಮೇಲೆ ಡ್ರೈವರಮ್ಮನಿಗೆ ಕರೆ ಮಾಡಿದರು.

“ನಿಮ್ಮನೇಲಿ ವೈಫೈ ಇದೆಯಾ?”

“ಅಜ್ಜೀದು ಇದೆ ಅತ್ತಿಗೆ. ಬಾಡಿಗೆ ಜೊತೆಗೇ ಸೇರಿದೆ. ಬೆಳಿಗ್ಗೆ ನೀವು ಕೆಳಗೆ ಬೀದಿಗೆ ಇಳಿಯೋಷ್ಟರಲ್ಲೇ ಫೋನಿಗೆ ಹಾಕ್ಕೊಂಡಿದ್ದೆ.”

“ಒಂದು ಸಲ ಅದನ್ನ ಆರಿಸಿ.”

“ಆರಿಸ್ದೆ ನೋ—”

ಮಾತು ಅಲ್ಲಿಗೇ ತುಂಡಾಯಿತು. ಅತ್ತಿಗೆ ಮತ್ತೆ ಕರೆ ಮಾಡಿದರು. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಮಷೀನಿನ ದನಿ ಹೇಳಿತು. ಟವರು ಸಿಗದಿದ್ದರೆ ಈಗಿನ ಫೋನುಗಳು ವೈಫೈ ಮೂಲಕವೇ ಕರೆ ಹಿಡಿಯುತ್ತವೆ. ಬೆಳಿಗ್ಗೆ ಹತ್ತು ಸಲ ರಿಂಗಾಗಿದ್ದು ಟವರಿನಿಂದಲ್ಲ, ಅಜ್ಜಿಯ ವೈಫೈ ಪೆಟ್ಟಿಗೆಯಿಂದ. ಅತ್ತಿಗೆಯ ಕಿವಿ ತಪ್ಪು ಕೇಳಿರಲಿಲ್ಲ. ಮಾತು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಮಾತ್ರ ವಿಚಾರಿಸಿರಲಿಲ್ಲ.

ಐದು ನಿಮಿಷಕ್ಕೆ ಡ್ರೈವರಮ್ಮನೇ ಕರೆ ಮಾಡಿದಳು. “ಏನಾಯ್ತು ಅತ್ತಿಗೆ? ಮತ್ತೆ ವೈಫೈ ಹಾಕ್ದೆ, ಬಂತು. ಹಾಗಾದ್ರೆ ಯಾವಾಗ್ಲೂ ಹಾಕೇ ಇಟ್ಟಿರ್ತೀನಿ ಬಿಡಿ.”

“ನೀವು ಇಟ್ಟಿರ್ತೀರಿ. ಅಜ್ಜಿ?”

“ಅಜ್ಜಿ ಮಲಗೋವಾಗ ಪೆಟ್ಟಿಗೆ ಆರಿಸಿಬಿಡ್ತಾರೆ. ಮತ್ತೆ ಹಾಕೋದು ಬೆಳಿಗ್ಗೆ ಏಳಕ್ಕೆ.”

“ಡಿಪೋದವರು ಐದಕ್ಕೆ. ನಾಳೆ ಬರ್ತೀನಿ. ಚೀಟಿ ಎತ್ತಿಟ್ಟಿರಿ, ಅದು ತಪ್ಪು ಚೀಟಿ” ಎಂದರು ಅತ್ತಿಗೆ. ಬೋರ್ಡಿನಲ್ಲಿ ಕೂತಾಗಲೂ ಹಾಗೆಯೇ. ತಪ್ಪು ವಾರ್ಡಿಗೆ ಕೊಟ್ಟರೆ ‘ನನ್ನ ತಪ್ಪು, ಒಂದು ಕ್ಷಣ’ ಎಂದು ಸರಿಯಾದ ಕಡೆ ಕೊಡುತ್ತಿದ್ದರು. ಅಳುತ್ತ ಕೂತರೆ ಲೈನಿನಲ್ಲಿ ಕಾಯುವವರ ಗತಿ?

ಶನಿವಾರ ಬೆಳಿಗ್ಗೆ ಅವರು ಮೊದಲು ಅಜ್ಜಿಯನ್ನು ಮಾತಾಡಿಸಿದರು. ಅಜ್ಜಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದರು.

“ಅಮ್ಮ, ರಾತ್ರಿ ಆ ಪೆಟ್ಟಿಗೆ ಆರಿಸದೆ ಬಿಡೋಕಾಗುತ್ತಾ?”

“ಬಿಡೋಕೇನಮ್ಮ, ಬಿಡ್ತೀನಿ. ಆದ್ರೆ ನನ್ನ ಕೈ ಕೇಳಬೇಕಲ್ಲ. ಮನೆಯವರು ಇದ್ದಾಗಿನಿಂದ ಮಲಗೋ ಮುಂಚೆ ಒಂದೊಂದೇ ಸ್ವಿಚ್ಚು ಆರಿಸ್ಕೊಂಡು ಬರೋದು. ಹೋದ ವಾರ ಫ್ರಿಜ್ಜೂ ಆರಿಸಿದ್ದೆ” ಎಂದರು ಅಜ್ಜಿ, ಮುಚ್ಚುಮರೆಯಿಲ್ಲದೆ.

“ಒಬ್ಬರ ನೌಕರೀನ ನಿಮ್ಮ ಕೈಮೇಲೆ ಬಿಡೋಕೆ ನನಗೆ ಧೈರ್ಯ ಇಲ್ಲ.”

“ನನಗೂ ಇಲ್ಲ ತಾಯಿ.”

ಹಾಗಾಗಿ ವೈಫೈ ಆರಿಸಿ ಪರೀಕ್ಷೆ ಶುರುವಾಯಿತು. ಡ್ರೈವರಮ್ಮ ಫೋನು ಹಿಡಿದು ಜಾಗ ಜಾಗದಲ್ಲಿ ನಿಂತಳು, ಅತ್ತಿಗೆ ಕೆಳಗಿನಿಂದ ಕರೆ ಮಾಡಿದರು. ಅಜ್ಜಿ ಗುಂಡಿ ಡಬ್ಬಿ ತೆರೆದು ಲೆಕ್ಕಕ್ಕೆ ಕೂತರು. ರಿಂಗಾದರೆ ಬಿಳಿ ಗುಂಡಿ, ಆಗದಿದ್ದರೆ ಕಪ್ಪು. ಮಂಚದ ಪಕ್ಕ ಹತ್ತೂ ಕಪ್ಪು. ಒಲೆಯ ಕಟ್ಟೆಯ ಮೇಲೆ ಎರಡು ಬಿಳಿ. ಬಾಗಿಲ ಹತ್ತಿರ ನಾಲ್ಕು. ಕೊನೆಗೆ ಮಹಡಿ ಮೆಟ್ಟಿಲ ತಿರುವಿನಲ್ಲಿ ಒಂದು ಕಿಟಕಿಯ ಕಟ್ಟೆ ಸಿಕ್ಕಿತು. ಅಲ್ಲಿಟ್ಟ ಫೋನು ಸಾಲಾಗಿ ಹದಿಮೂರು ಸಲ ಬಾರಿಸಿತು. ಹದಿನಾಲ್ಕನೆಯದು ತಪ್ಪಿತು. ಮುಂದಿನ ಆರೂ ಬಂದವು.

“ಇಪ್ಪತ್ತಕ್ಕೆ ಹತ್ತೊಂಬತ್ತು” ಎಂದರು ಅಜ್ಜಿ, ಗುಂಡಿಗಳನ್ನು ಸೆರಗಿಗೆ ಹಾಕಿಕೊಂಡು.

ಡ್ರೈವರಮ್ಮ ಮೆಟ್ಟಿಲ ಮೇಲೆಯೇ ಕೂತು ನಕ್ಕಳು. “ಸಾಕು ಅತ್ತಿಗೆ. ಪರೀಕ್ಷೇಲಿ ನಂಗೆ ಇಷ್ಟು ಬಂದಿದ್ರೆ ಡ್ರೈವರ್ ಯಾಕಾಗ್ತಿದ್ದೆ, ಡಾಕ್ಟರ್ ಆಗಿರ್ತಿದ್ದೆ. ಈ ಮೆಟ್ಟಿಲಲ್ಲೇ ಹಾಸಿಗೆ ಹಾಕ್ಕೊಂಡು ಮಲಗ್ತೀನಿ.”

ಅತ್ತಿಗೆ ನಗಲಿಲ್ಲ. “ಆ ಹದಿನಾಲ್ಕನೇದು ಯಾಕೆ ತಪ್ಪಿತು?”

“ಒಂದು ತಪ್ಪಿದ್ದಕ್ಕೆಲ್ಲ ಕಾರಣ ಇರುತ್ತಾ?”

“ಇರುತ್ತೆ. ಆಗ ರೈಲು ಹೋಗ್ತಿತ್ತು.”

ಕಿಟಕಿಗೆ ಎದುರಾಗಿಯೇ ರೈಲ್ವೆ ದಿಬ್ಬ ಇತ್ತು. ದಿಬ್ಬದ ಆಚೆ ಟವರು. ಅಷ್ಟುದ್ದದ ಕಬ್ಬಿಣದ ಡಬ್ಬಿಗಳು ನಡುವೆ ಓಡುವಾಗ ಆ ಸಣ್ಣ ಅಲೆ ಅವುಗಳ ಈಚೆ ಬರುತ್ತಿರಲಿಲ್ಲ.

“ಅಮ್ಮ, ಬೆಳಿಗ್ಗೆ ಐದರ ಹೊತ್ತಿಗೆ ಇಲ್ಲಿ ಯಾವುದಾದ್ರೂ ರೈಲಿದೆಯಾ?” ಎಂದು ಅತ್ತಿಗೆ ಕೇಳಿದರು.

“ಇಲ್ದೆ ಏನು. ಐದು ಗಂಟೆಗೆ ಸರಿಯಾಗಿ ಗೂಡ್ಸು ಬರುತ್ತೆ. ಹಾವಿನ ಹಾಗೆ ಉದ್ದ, ದಾಟೋಕೇ ಹತ್ತು ನಿಮಿಷ. ನನಗೆ ಎಚ್ಚರ ಆಗೋದೇ ಅದರ ಸದ್ದಿಗೆ.”

ಡ್ರೈವರಮ್ಮನ ನಗು ನಿಂತಿತು. ಅವಳು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಅಣ್ಣ ಎರಡು ತಿಂಗಳು ಓವರ್‌ಟೈಮ್ ಮಾಡಿ ತಗೊಂಡಿದ್ದು ಅತ್ತಿಗೆ. ಅವನಿಗೆ ಏನಂತ ಹೇಳ್ಲಿ?”

“ಫೋನು ಒಳ್ಳೇದೇ. ಈ ಮನೆಗೆ ಆಗೋದಲ್ಲ ಅಷ್ಟೆ. ಏಳಿ, ಅಂಗಡಿಗೆ ಹೋಗೋಣ” ಎಂದರು ಅತ್ತಿಗೆ. ದಾರಿಯಲ್ಲಿ ಅವರ ನಡಿಗೆ ನೋಡಿದರೆ, ಏನು ಮಾಡಬೇಕೆಂದು ಆಗಲೇ ತೀರ್ಮಾನವಾದ ಹಾಗಿತ್ತು.

ಮೈದುನ ಒಂದು ತಿಂಗಳ ಹಿಂದೆ ಹೊಸ ಫೋನು ಕೊಂಡಿದ್ದ. ಡ್ರೈವರಮ್ಮನ ಫೋನಿನದೇ ಕಂಪನಿ, ಅದೇ ರೂಪ, ಅದೇ ಬಣ್ಣ. ಇಲ್ಲಿ ಮಾರಿದ್ದಾದ್ದರಿಂದ ಕೊನೆಯ ಅಕ್ಷರ ಮಾತ್ರ ಬೇರೆ. ಅದರಲ್ಲಿ ಆ ಬ್ಯಾಂಡ್ ಇತ್ತು. ಅವನು ಅದನ್ನು ಮಗುವಿನ ಹಾಗೆ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದಾಗ ಅತ್ತಿಗೆ ಒಳಗೆ ಬಂದರು.

“ನಿನ್ನ ಫೋನು ಕೊಡು.”

“ಯಾರಿಗೆ ಮಾಡ್ಬೇಕು?”

“ಮಾಡೋಕಲ್ಲ. ಡ್ರೈವರಮ್ಮನಿಗೆ ಕೊಡೋಕೆ. ಅವರದ್ದು ನಿನಗೆ.”

ಮೈದುನ ಫೋನನ್ನು ಜೇಬಿಗೆ ಸೇರಿಸಿ ಮೇಲೆ ಕೈ ಇಟ್ಟುಕೊಂಡ. “ಅತ್ತಿಗೆ, ಕಿಡ್ನಿ ಬೇಕಾದ್ರೆ ಕೇಳಿ, ಮನೇಲಿ ಕೇಳಿ ಹೇಳ್ತೀನಿ. ಇದನ್ನ ಕೇಳಬೇಡಿ.”

“ನಿನ್ನ ಕಿಡ್ನಿಗೆ ಆ ಬ್ಯಾಂಡ್ ಇಲ್ವಲ್ಲ.”

“ಬೇರೆ ಯಾವುದಾದ್ರೂ ಹಳೇದು ಕೊಡೋಣ. ನಾವೇನು ಅವರಿಗೆ ಫೋನ್ ಮಾರಿದೀವಾ?”

“ಫೋನ್ ಮಾರಿಲ್ಲ. ಚೀಟಿ ಕೊಟ್ಟಿದೀವಿ. ನಡೆಯುತ್ತದೆ ಅಂತ ಬರೆದೋಳು ನಾನು, ಮುದ್ರೆ ಒತ್ತಿದೋನು ನೀನು. ಅದನ್ನ ನಂಬಿ ಇವರು ನಿನ್ನೆಯೇ ಹಳೇ ಫೋನು ಮಾರಿಬಿಟ್ಟಿದ್ದಾರೆ.” ಅತ್ತಿಗೆ ತಮ್ಮ ಕುರ್ಚಿಯಲ್ಲಿ ಕೂತರು. “ನಿನ್ನ ಮನೆ ಈ ಅಂಗಡಿ ಮೇಲೆ. ಟವರಿನ ಕಂಕುಳಲ್ಲೇ ಮಲಗ್ತೀಯ. ಆ ಫೋನು ನಿನಗೆ ಒಂದು ದಿನವೂ ಕೈ ಕೊಡಲ್ಲ. ನೂರು ಸಲ ಮಾಡಿ ತೋರಿಸ್ಲಾ?”

“ಬೇಡ, ಬೇಡ. ನೂರು ಅಂದ್ರೆ ನೀವು ನೂರೂ ಮಾಡ್ತೀರಿ.”

“ಬೇಡ ಅತ್ತಿಗೆ” ಎಂದಳು ಬಾಗಿಲಲ್ಲಿ ನಿಂತಿದ್ದ ಡ್ರೈವರಮ್ಮ. “ಅವರು ಆಸೆಪಟ್ಟು ತಗೊಂಡಿದ್ದು.”

ಮೈದುನ ಅವಳ ಕಡೆ ನೋಡಿದ. ಜೇಬಿನಿಂದ ಫೋನು ತೆಗೆದು ಗಾಜಿನ ಮೇಲಿಟ್ಟ. “ನೀವು ಹೀಗೆ ಅಂದ್ರೆ ನಾನು ಕೊಡದೆ ಇರೋಕಾಗುತ್ತಾ. ಅತ್ತಿಗೆ ಒಬ್ಬರೇ ಆಗಿದ್ರೆ ಇನ್ನೂ ಒಂದು ಗಂಟೆ ಜಗಳ ಆಡ್ತಿದ್ದೆ. ಫೋಟೋ ಎಲ್ಲ ತೆಗೆದುಕೊಡ್ತೀನಿ, ಸಂಜೆವರೆಗೂ ಟೈಮ್ ಕೊಡಿ.”

ಸಂಜೆಗೆ ಫೋನುಗಳು ಕೈ ಬದಲಾದವು. ಆ ಫೋನಿನಿಂದ ಡ್ರೈವರಮ್ಮ ಮೊದಲು ಮಾತಾಡಿದ್ದು ಅಣ್ಣನ ಜೊತೆ. ಅಂಗಡಿಯ ಮುಂದೆ ಅತ್ತಿತ್ತ ನಡೆಯುತ್ತ ಎಲ್ಲವನ್ನೂ ಹೇಳಿದಳು. ಒಳಗೆ ಬಂದು, “ನಿನ್ನ ಕೆಲಸ ಕಾಯಂ ಆದ್ರೆ ಸಾಕು, ಫೋನು ಯಾರ ಜೇಬಲ್ಲಿದ್ರೆ ನನಗೇನು ಅಂದ” ಎಂದಳು.

ಭಾನುವಾರ ಅಂಗಡಿಗೆ ರಜೆ. ಅತ್ತಿಗೆ ಮತ್ತೆ ದಿಬ್ಬದ ಕೆಳಗಿನ ಮನೆಗೆ ಹೋದರು. ವೈಫೈ ಪೆಟ್ಟಿಗೆಯನ್ನು ಅಜ್ಜಿಯ ಕೈಯಿಂದಲೇ ಆರಿಸಿದರು. ಮಂಚದ ಪಕ್ಕದಿಂದ ಇಪ್ಪತ್ತು, ಒಲೆಯ ಕಟ್ಟೆಯಿಂದ ಇಪ್ಪತ್ತು, ಅಷ್ಟೂ ಬಿಳಿ ಗುಂಡಿ. ಇನ್ನೇನು ಮುಗಿಯಿತು ಎಂದು ಅಜ್ಜಿ ಡಬ್ಬಿ ಮುಚ್ಚಿದರೆ ಅತ್ತಿಗೆ, “ರೈಲು ಬರ್ಲಿ” ಎಂದು ಕೂತರು. ಮುಕ್ಕಾಲು ಗಂಟೆ ಕಾದರು. ಮಧ್ಯಾಹ್ನದ ರೈಲು ಮನೆಯ ಪಾತ್ರೆಗಳನ್ನೆಲ್ಲ ನಡುಗಿಸುತ್ತ ಹೋಗುವಾಗ ಐದು ಸಲ ಕರೆ ಮಾಡಿದರು. ಐದೂ ಬಂದವು. ಹಳೆಯ ಚೀಟಿ ಇಸಕೊಂಡು ಅಡ್ಡಗೆರೆ ಎಳೆದು ಹೊಸದು ಬರೆದರು. ‘ನಡೆಯುತ್ತದೆ. ವೈಫೈ ಆರಿಸಿ ನೋಡಿದೆ. ರೈಲು ಹೋಗುವಾಗಲೂ ನೋಡಿದೆ.’

ಸೋಮವಾರ ಅತ್ತಿಗೆಗೆ ನಾಲ್ಕೂವರೆಗೇ ಎಚ್ಚರವಾಯಿತು. ಫೋನು ಕೈಗೆತ್ತಿಕೊಳ್ಳಲಿಲ್ಲ. ತಾವು ವಿಚಾರಿಸಲು ಹೋಗಿ, ಅದೇ ಹೊತ್ತಿಗೆ ಡಿಪೋದವರಿಗೆ ಲೈನು ಬಿಡುವಿಲ್ಲ ಎಂದು ಬಂದರೆ? ಪಾತ್ರೆ ತೊಳೆದರು, ಇದ್ದ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಿದರು, ಗಂಡನ ಅಂಗಿಯ ಬಿಟ್ಟ ಹೊಲಿಗೆ ಹಾಕಿದರು. ಒಂಬತ್ತಕ್ಕೆ ಅಂಗಡಿಗೆ ಬಂದು ಮೇಜಿನ ದೀಪ ಹಾಕುವಾಗ ಫೋನು ರಿಂಗಾಯಿತು.

“ಅತ್ತಿಗೆ, ಬಂತು” ಎಂದಳು ಡ್ರೈವರಮ್ಮ. ಹಿಂದೆ ಎಂಜಿನ್ನಿನ ಗುಡುಗುಡು ಕೇಳುತ್ತಿತ್ತು. “ಐದೂ ನಾಲ್ಕಕ್ಕೆ. ಗೂಡ್ಸು ಗಾಡಿ ಇನ್ನೂ ಓಡ್ತಾ ಇತ್ತು. ಎರಡನೇ ರಿಂಗಿಗೇ ತೆಗೆದೆ. ನಲವತ್ತೊಂದನೇ ನಂಬರ್ ಬಸ್ ಕೊಟ್ಟಿದ್ದಾರೆ, ಇಡೀ ವಾರ. ಮೊದಲನೇ ಟ್ರಿಪ್ ಮುಗಿಸಿ ನಿಂತಿದೀನಿ.”

“ಸರಿ” ಎಂದರು ಅತ್ತಿಗೆ. ಕುರ್ಚಿ ಹಿಂದಕ್ಕೆ ಸರಿಸಿ ಕೂತರು. “ಸರಿ ಸರಿ. ಓಡಿಸೋವಾಗ ಫೋನು ಮುಟ್ಟಬೇಡಿ.”

“ನಾನು ಮುಟ್ಟಲ್ಲ ಅತ್ತಿಗೆ” ಎಂದಳು ಡ್ರೈವರಮ್ಮ. “ನೀವೂ ಬರುತ್ತಾ ಇಲ್ವಾ ಅಂತ ನೋಡೋಕೆ ರಿಂಗ್ ಮಾಡಬೇಡಿ.”